ನಾಲ್ಕು ಕಡೆ ಒಂದೇ ಪಾಸ್‌ವರ್ಡ್ ಪುಸ್ತಕ: ಯಾವ ಆ್ಯಪ್ ಹಾಕಿಕೊಳ್ಳಲಿ?

ತಿಪಟೂರು ಲೆಕ್ಕದಕ್ಕ:

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದೊಂದು ಚಿಕ್ಕ ಆಫೀಸಿದೆ. ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡುವುದು, ಅಷ್ಟೇ ಕೆಲಸ. ಜಾಸ್ತಿ ಕೊಬ್ಬರಿ ಮಂಡಿಯವರು. ಉಳಿದಂತೆ ಬಟ್ಟೆ ಅಂಗಡಿ, ಹಾರ್ಡ್‌ವೇರ್, ಎರಡು ಬೇಕರಿ. ಒಟ್ಟು 63 ಪಾರ್ಟಿ. ಒಬ್ಬೊಬ್ಬರಿಗೆ ಎರಡು ಅಂದರೂ 126 ಪಾಸ್‌ವರ್ಡ್. ನನ್ನದು, ಮನೆಯದು, ಮಗಳ ಕಾಲೇಜಿನದು ಬೇರೆ.

ಎಲ್ಲವೂ ಕೆಂಪು ರಟ್ಟಿನ ಒಂದು ಉದ್ದನೆ ಲೆಕ್ಕದ ಪುಸ್ತಕದಲ್ಲಿದೆ. ಹಳೆಯದನ್ನು ಹೊಡೆದುಹಾಕಿ ಪಕ್ಕದಲ್ಲಿ ಹೊಸದು, ಅದನ್ನೂ ಹೊಡೆದುಹಾಕಿ ಬಾಣ ಎಳೆದು ಮೂಲೆಯಲ್ಲಿ ಇನ್ನೊಂದು. ಅದನ್ನು ಓದಲು ಬರುವುದು ನನಗೊಬ್ಬಳಿಗೇ.

ಹೋದ ತಿಂಗಳು 20ನೇ ತಾರೀಕು ಅರಸೀಕೆರೆಯಲ್ಲಿ ನಾದಿನಿ ಮಗನ ಆರತಕ್ಷತೆ. ಜಿಎಸ್‌ಟಿಯ ತಿಂಗಳ ರಿಟರ್ನ್, 3ಬಿ ಅಂತೀವಲ್ಲ, ಅದನ್ನು ಹಾಕಲು ಅವತ್ತೇ ಕೊನೆ ದಿನ. ಊಟಕ್ಕೆ ಕೂತಾಗ ನೆನಪಾಯಿತು, ಒಬ್ಬ ಮಂಡಿ ಸಾಹುಕಾರರದ್ದು ಉಳಿದುಹೋಗಿದೆ. ಆಗ ಗಂಟೆ ಎಂಟೂವರೆ. ಫೈಲ್ ಮಾಡುವಾಗ ಓಟಿಪಿ ಹೋಗುವುದು ಅವರ ಮೊಬೈಲಿಗೆ. ಅವರೋ ಒಂಬತ್ತಕ್ಕೆ ಫೋನ್ ಆಫ್ ಮಾಡಿ ಮಲಗುವ ಮನುಷ್ಯ. ಲ್ಯಾಪ್‌ಟಾಪ್ ಕಾರಿನಲ್ಲಿತ್ತು, ಪುಸ್ತಕ ಆಫೀಸಿನ ಡ್ರಾದಲ್ಲಿತ್ತು. ಆಫೀಸಿನ ಹುಡುಗಿಗೆ ಫೋನ್ ಮಾಡಿದೆ. ಪಾಪ, ಓಡಿಹೋಗಿ ಬಾಗಿಲು ತೆಗೆದಳು.

"ಅಕ್ಕ, ಎಸ್. ಆಮೇಲೆ ಸೊನ್ನೆ."
"ಎಸ್ ದೊಡ್ಡದಾ ಚಿಕ್ಕದಾ?"
"ಎರಡೂ ಒಂದೇ ಥರ ಇದೆ ಅಕ್ಕ."
"ಸೊನ್ನೆನಾ, ಓ ಅಕ್ಷರಾನಾ?"
"ನಿಮ್ಮ ಬರವಣಿಗೆ ಅಕ್ಕ, ನೀವೇ ಹೇಳಬೇಕು."

ಹಿಂದೆ ಆರ್ಕೆಸ್ಟ್ರಾ ಗಲಾಟೆ. ಹೊಡೆದೆ, ತಪ್ಪು. ಮತ್ತೆ ಹೊಡೆದೆ, ತಪ್ಪು. ಕೊನೆಗೆ ಅಕೌಂಟೇ ಲಾಕ್ ಆಯಿತು. ಅದನ್ನು ಬಿಡಿಸುವ ಓಟಿಪಿಯೂ ಅವರಿಗೇ ಹೋಗಬೇಕು. ಒಂಬತ್ತೂ ಹತ್ತಕ್ಕೆ ಫೋನ್ ಮಾಡಿದರೆ ಸ್ವಿಚ್ ಆಫ್. ಮರುದಿನ ಫೈಲ್ ಮಾಡಿದೆ, ಒಂದು ದಿನದ ಲೇಟ್ ಫೀ 50 ರೂಪಾಯಿ ನನ್ನ ಕೈಯಿಂದಲೇ. ಐವತ್ತು ರೂಪಾಯಿ ಹೋಗಲಿ, "ಏನಮ್ಮ, ನೀನೇ ಮರೆತುಬಿಟ್ಟರೆ ಹೆಂಗೆ?" ಅಂದರಲ್ಲ, ಅದು ಇನ್ನೂ ಚುಚ್ಚುತ್ತಿದೆ.

ಈಗ ವಿಷಯಕ್ಕೆ ಬರುತ್ತೇನೆ. ಆಫೀಸಿನಲ್ಲಿ ವಿಂಡೋಸ್ ಡೆಸ್ಕ್‌ಟಾಪ್ ಇದೆ, ಹುಡುಗಿಯೂ ಅದರಲ್ಲೇ ಕೆಲಸ ಮಾಡುವುದು. ನನ್ನ ಲ್ಯಾಪ್‌ಟಾಪ್, ನನ್ನ ಆಂಡ್ರಾಯ್ಡ್ ಫೋನ್, ಮನೆಯಲ್ಲಿ ಮಗಳ ಐಪ್ಯಾಡ್. ನಾಲ್ಕರಲ್ಲೂ ಒಂದೇ ಪಟ್ಟಿ ಸಿಗಬೇಕು. ಮೊದಲು ಪುಕ್ಕಟೆಯದು ನೋಡೋಣ ಅಂತ. ಒಂದೇ ಭಯ: ಎಲ್ಲವನ್ನೂ ಒಂದೇ ಡಬ್ಬದಲ್ಲಿ ಇಟ್ಟರೆ ಆ ಕಂಪನಿಯವರು ಓದಲ್ವಾ? ಕಳ್ಳತನವಾದರೆ ಒಟ್ಟಿಗೇ ಹೋಗಲ್ವಾ?

ಇನ್ನೊಂದು ಮಾತು ಹೇಳಲು ನಾಚಿಕೆ. ಅರ್ಧ ಜನರ ಪಾಸ್‌ವರ್ಡ್ ಅಂಗಡಿ ಹೆಸರು, ಆಮೇಲೆ @123. ಇಟ್ಟುಕೊಟ್ಟವಳು ನಾನೇ.

ಶಿರಾ ಗೇಟ್ ಹುಡುಗ:

ಸೇವ್ ಮಾಡ್ಲಾ ಅಂತ ಕ್ರೋಮೇ ಕೇಳುತ್ತಲ್ಲ ಮೇಡಂ. ಹ್ಞೂ ಅನ್ನಿ, ಮುಗೀತು. ನಿಮ್ಮ ಗೂಗಲ್ ಅಕೌಂಟ್ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬರುತ್ತೆ. ಐಪ್ಯಾಡಿಗೂ ಕ್ರೋಮ್ ಹಾಕಿಕೊಂಡರೆ ಆಯ್ತು. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ತೀರಿ?

ತುಮಕೂರು ಪ್ಯಾಸೆಂಜರ್:

ಮೇಲಿನ ತಮ್ಮ ಹೇಳಿದ್ದು ಮನೆ ಬಳಕೆಗೆ ಸರಿ. ನಮ್ಮ ಅಮ್ಮನ ಫೋನಿನಲ್ಲಿ ನಾನೂ ಅದನ್ನೇ ಮಾಡಿಕೊಟ್ಟಿದ್ದೇನೆ. ಆದರೆ ಅಕ್ಕನ ಡೆಸ್ಕ್‌ಟಾಪಿನಲ್ಲಿ ಇಬ್ಬರು ಕೂರುತ್ತಾರೆ. ಕ್ರೋಮ್‌ನಲ್ಲಿ ಅಕ್ಕನ ಗೂಗಲ್ ಅಕೌಂಟ್ ತೆರೆದೇ ಇದ್ದರೆ, ಕುರ್ಚಿಯಲ್ಲಿ ಕೂತವರೆಲ್ಲ 63 ಪಾರ್ಟಿಗೂ ಲಾಗಿನ್ ಆಗಬಹುದು. ಜೊತೆಗೆ ಅಕ್ಕನ ಮೇಲ್, ಫೋಟೋ ಎಲ್ಲ ಅದೇ ಅಕೌಂಟು. ಆಫೀಸಿನದು ಬೇರೆ ಡಬ್ಬದಲ್ಲೇ ಇರಲಿ.

ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು. ಕಂಪ್ಯೂಟರ್ ನೋಡಿಕೊಳ್ಳುವುದೇ ಕೆಲಸ. ಪಾಸ್‌ವರ್ಡ್ ಇಡುವುದಕ್ಕೇ ಇರುವ ಆ್ಯಪ್‌ಗಳಲ್ಲಿ ನನ್ನ ಓಟು ಬಿಟ್‌ವಾರ್ಡನ್‌ಗೆ. 2016ರಿಂದ ಇದೆ, ಓಪನ್ ಸೋರ್ಸ್, ಅಂದರೆ ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಪುಕ್ಕಟೆ ಖಾತೆಯಲ್ಲೇ ಎಷ್ಟು ಡಿವೈಸ್ ಬೇಕಾದರೂ ಹಾಕಿಕೊಳ್ಳಬಹುದು, ಎಷ್ಟು ಪಾಸ್‌ವರ್ಡ್ ಬೇಕಾದರೂ ಇಡಬಹುದು. "ಎಷ್ಟು ಡಿವೈಸ್" ಎನ್ನುವುದನ್ನೇ ಮೊದಲು ನೋಡಬೇಕು. ಲಾಸ್ಟ್‌ಪಾಸ್ ಅಂತ ಇಂಥದ್ದೇ ಇನ್ನೊಂದು ಆ್ಯಪ್, ಮೊದಲು ಎಲ್ಲ ಕಡೆ ಪುಕ್ಕಟೆ ಕೊಡುತ್ತಿತ್ತು. 2021ರ ಮಾರ್ಚ್‌ನಲ್ಲಿ, ಕಂಪ್ಯೂಟರ್ ಬೇಕೋ ಮೊಬೈಲ್ ಬೇಕೋ ಒಂದನ್ನು ಆರಿಸಿ, ಎರಡೂ ಬೇಕಾದರೆ ದುಡ್ಡು ಕೊಡಿ ಎಂದಿತು. ಪ್ರೋಟಾನ್ ಪಾಸ್ ಕೂಡ ಪುಕ್ಕಟೆಯಲ್ಲಿ ಎಲ್ಲ ಡಿವೈಸಿಗೆ ಕೊಡುತ್ತದೆ, ಅದೂ ಚೆನ್ನಾಗಿದೆ. ಒನ್‌ಪಾಸ್‌ವರ್ಡ್‌ಗೆ ಪುಕ್ಕಟೆ ಖಾತೆ ಇಲ್ಲ. ಆ್ಯಪಲ್‌ನ ಪಾಸ್‌ವರ್ಡ್ಸ್ ಆ್ಯಪ್ ನಿಮಗೆ ಆಗಲ್ಲ, ಆಂಡ್ರಾಯ್ಡ್ ಫೋನ್ ಇದೆಯಲ್ಲ.

ಕಂಪನಿಯವರು ಓದಲ್ವಾ ಅಂದಿರಿ. ನೀವು ಒಂದು ದೊಡ್ಡ ಪಾಸ್‌ವರ್ಡ್ ಇಡುತ್ತೀರಿ, ಮಾಸ್ಟರ್ ಪಾಸ್‌ವರ್ಡ್ ಅಂತ. ಅದರಿಂದ ಬೀಗದ ಕೈ ತಯಾರಾಗುವುದು ನಿಮ್ಮ ಕಂಪ್ಯೂಟರಿನಲ್ಲೇ. ಬೀಗ ಬೀಳುವುದೂ ಅಲ್ಲೇ. ಅವರ ಸರ್ವರಿಗೆ ಹೋಗುವುದು ಬೀಗ ಹಾಕಿದ ಪೆಟ್ಟಿಗೆ ಮಾತ್ರ. ಬೀಗದ ಕೈ ಅವರ ಹತ್ತಿರ ಇರಲ್ಲ. ಅದಕ್ಕೇ ನೀವು ಮರೆತರೆ ಅವರೂ ತೆಗೆದುಕೊಡಲಾರರು, ಇಲ್ಲಿ ಓಟಿಪಿ ಕಳಿಸಿ ಬಿಡಿಸುವ ಆಟ ಇಲ್ಲ.

ಇನ್ನು ಕಳ್ಳತನ. ಅದು ಆಗಿದೆ. 2022ರಲ್ಲಿ ಲಾಸ್ಟ್‌ಪಾಸ್‌ನಿಂದ ಗ್ರಾಹಕರ ಪೆಟ್ಟಿಗೆಗಳ ಬ್ಯಾಕಪ್ಪನ್ನೇ ಕದ್ದೊಯ್ದರು. ಒಳಗಿನ ಪಾಸ್‌ವರ್ಡ್‌ಗಳಿಗೆ ಬೀಗ ಇತ್ತು, ಆದರೆ ಯಾವ ಯಾವ ಸೈಟು ಎನ್ನುವ ವಿಳಾಸಗಳಿಗೆ ಇರಲಿಲ್ಲ. ಪೆಟ್ಟಿಗೆ ಕೈಗೆ ಸಿಕ್ಕ ಕಳ್ಳನಿಗೆ ಲಾಕ್ ಆಗುವ ಭಯ ಇಲ್ಲ, ವರ್ಷಗಟ್ಟಲೆ ಕೂತು ಒಂದೊಂದೇ ಊಹಿಸಬಹುದು. ಅವತ್ತು ಉಳಿಯುವುದು ಮಾಸ್ಟರ್ ಪಾಸ್‌ವರ್ಡ್ ಗಟ್ಟಿ ಇಟ್ಟವರು ಮಾತ್ರ. ಹಾಗಾಗಿ ದಯವಿಟ್ಟು ಕಲ್ಪತರು@123 ಬೇಡ. ನಮ್ಮ ಜಿಲ್ಲೆಯಲ್ಲಿ ಅದನ್ನು ಊಹಿಸಲು ಕಳ್ಳನೇ ಬೇಕಿಲ್ಲ.

ಒಂದಕ್ಕೊಂದು ಸಂಬಂಧವೇ ಇಲ್ಲದ ಐದು ಪದ ಆರಿಸಿ. ಹುಣಸೆ, ಟ್ರಾನ್ಸ್‌ಫಾರ್ಮರ್, ಜರಡಿ, ಕಪ್ಪೆ, ಮಂಗಳವಾರ, ಈ ಥರ. ಇಂಗ್ಲಿಷ್ ಅಕ್ಷರದಲ್ಲಿ ಬರೆದು ನಡುವೆ ಗೆರೆ ಹಾಕಿ. ಇದನ್ನೇ ಇಡಬೇಡಿ ಮತ್ತೆ! ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಬೇಡವೇ ಬೇಡ, ಅವೆಲ್ಲ ಎಲ್ಲರ ಬಾಯಲ್ಲಿ ಇರುವಂಥವು.

ಒಂದು ಲಾಭ ಯಾರೂ ಹೇಳಲ್ಲ. ಒಂದಕ್ಷರ ಬದಲಿಸಿ ಮಾಡಿದ ನಕಲಿ ಟ್ಯಾಕ್ಸ್ ಸೈಟ್ ಇರುತ್ತಲ್ಲ, ಸುಸ್ತಾದ ಕಣ್ಣಿಗೆ ಅದು ಅಸಲಿಯೇ. ಆ್ಯಪ್ ವಿಳಾಸ ಹೋಲಿಸಿ ನೋಡುತ್ತದೆ, ತಾಳೆಯಾಗದಿದ್ದರೆ ತಾನಾಗಿ ಪಾಸ್‌ವರ್ಡ್ ತೋರಿಸಲ್ಲ. ಯಾಕೋ ಬರ್ತಿಲ್ಲ ಅಂತ ನೀವು ಕಾಪಿ ಮಾಡಿ ಅಂಟಿಸಲು ಹೊರಟರೆ ಮಾತ್ರ ಕಷ್ಟ. ಅಲ್ಲಿ ಒಂದು ಕ್ಷಣ ನಿಲ್ಲಿ.

ನಿವೃತ್ತ ಕ್ಯಾಷಿಯರ್, ಗುಬ್ಬಿ:

ತಾಯಿ, ನಾನು ಬ್ಯಾಂಕಿನಲ್ಲಿ ಇದ್ದವನು. ನಮ್ಮಲ್ಲಿ ಕ್ಯಾಷ್ ಇಡುವ ಸೇಫಿಗೆ ಎರಡು ಕೀ. ಒಂದು ನನ್ನ ಹತ್ತಿರ, ಇನ್ನೊಂದು ಅಧಿಕಾರಿ ಹತ್ತಿರ. ಇಬ್ಬರೂ ಬಂದರೇ ಬಾಗಿಲು ತೆರೆಯುವುದು. ಜಾಯಿಂಟ್ ಕಸ್ಟಡಿ ಅನ್ನುತ್ತಿದ್ದೆವು. ಈ ಆ್ಯಪಿಗೂ ಹಾಗೇ ಮಾಡಿ. ಮಾಸ್ಟರ್ ಪಾಸ್‌ವರ್ಡ್ ಜೊತೆಗೆ ಫೋನಿನ ಅಥೆಂಟಿಕೇಟರ್ ಆ್ಯಪ್ ತೋರಿಸುವ, ಆಗಾಗ ಬದಲಾಗುವ ಕೋಡ್ ಕೂಡ ಕೇಳುವ ಹಾಗೆ ಇಡಬಹುದು, ಪುಕ್ಕಟೆ ಖಾತೆಯಲ್ಲೇ ಇದೆ. ಆಗ ಕೊಡುವ ರಿಕವರಿ ಕೋಡನ್ನು ಕಾಗದದಲ್ಲಿ ಬರೆದಿಡಿ. ಫೋನ್ ಕಳೆದರೆ ಅದೇ ಗತಿ.

ನಾನು ಮಾತ್ರ ಕೀಪಾಸ್ ಅನ್ನುವ ಇನ್ನೊಂದು ಪಾಸ್‌ವರ್ಡ್ ಆ್ಯಪಿನ ಮನುಷ್ಯ. ಒಂದೇ ಫೈಲು, ನನ್ನ ಪೆನ್‌ಡ್ರೈವಿನಲ್ಲಿ, ಯಾರ ಸರ್ವರಿನ ಹಂಗೂ ಇಲ್ಲ. ಕಂಪ್ಯೂಟರಿಗೆ ಕೀಪಾಸ್‌ಎಕ್ಸ್‌ಸಿ, ಫೋನಿಗೆ ಕೀಪಾಸ್‌ಡಿಎಕ್ಸ್. ಆದರೆ ನಿಮಗೆ ಹೇಳಲ್ಲ. ನಾಲ್ಕು ಕಡೆಗೂ ಆ ಫೈಲನ್ನು ನೀವೇ ಹೊತ್ತು ತಿರುಗಬೇಕು. ಒಮ್ಮೆ ಫೋನಿನಲ್ಲೊಂದು, ಕಂಪ್ಯೂಟರಿನಲ್ಲೊಂದು ಪಾಸ್‌ವರ್ಡ್ ತಿದ್ದಿ, ಎರಡು ಫೈಲು ಆಗಿ, ಯಾವುದು ಹೊಸದು ಅಂತ ಒಂದು ಭಾನುವಾರ ಪೂರ್ತಿ ಕೂತಿದ್ದೇನೆ. ನನಗೆ ಪೆನ್ಷನ್ ಬರುತ್ತೆ, ಕೂರಬಹುದು.

ಇನ್ನೊಂದು. ಅವು ನಿಮ್ಮ ಪಾಸ್‌ವರ್ಡ್ ಅಲ್ಲ, ಪಾರ್ಟಿಗಳದ್ದು. ಇಂಥ ಕಡೆ ಇಡುತ್ತೇನೆ ಅಂತ ಅವರಿಗೊಂದು ಮಾತು ಹೇಳಿಬಿಡಿ.

ತಿಪಟೂರು ಲೆಕ್ಕದಕ್ಕ:

ಮೂರು ವಾರ ಆಯಿತು, ಬಂದು ಹೇಳಬೇಕಲ್ಲ. ಬಿಟ್‌ವಾರ್ಡನ್ ಹಾಕಿಕೊಂಡೆ. 126 ಎಂಟ್ರಿ ಕೈಯಲ್ಲೇ ಹೊಡೆದೆ, ಎರಡು ಭಾನುವಾರ ಹಿಡಿಯಿತು. ಮಗಳು ಎಕ್ಸೆಲ್‌ನಿಂದ ಒಟ್ಟಿಗೇ ಹಾಕಬಹುದು ಅಂದಳು. ಎಕ್ಸೆಲ್‌ಗೆ ಮೊದಲು ಹೊಡೆಯುವವರು ಯಾರು, ಪುಸ್ತಕ ಓದಲು ಬರುವುದು ನನಗೊಬ್ಬಳಿಗೇ.

ಎಡವಿದ ಕಡೆ ಹೇಳುತ್ತೇನೆ, ನನ್ನಂಥವರಿಗೆ ಬೇಕಾಗಬಹುದು. ಆ್ಯಪ್ ತಾನೇ ಪಾಸ್‌ವರ್ಡ್ ಹುಟ್ಟಿಸಿ ಕೊಡುತ್ತೆ. ಖುಷಿಯಿಂದ 20 ಅಕ್ಷರದ್ದು ಮಾಡಿ ಜಿಎಸ್‌ಟಿಗೆ ಹಾಕಿದರೆ ತಗೊಳ್ಳಲಿಲ್ಲ. ಅಲ್ಲಿ 8ರಿಂದ 15 ಅಕ್ಷರ ಮಾತ್ರ. 15ಕ್ಕೆ ಇಳಿಸಿಕೊಂಡೆ. ಕ್ಯಾಪ್ಚಾ, ಅಂದರೆ ಚಿತ್ರದಲ್ಲಿ ತೋರಿಸುವ ಅಂಕಿ, ನಾವೇ ನೋಡಿ ಹೊಡೆಯಬೇಕು, ಅದನ್ನು ಈ ಆ್ಯಪ್ ತುಂಬಲ್ಲ. ಇನ್‌ಕಮ್ ಟ್ಯಾಕ್ಸ್‌ನಲ್ಲಿ ಪ್ಯಾನ್ ಒಂದು ಪುಟದಲ್ಲಿ, ಪಾಸ್‌ವರ್ಡ್ ಮುಂದಿನ ಪುಟದಲ್ಲಿ, ನಡುವೆ ಒಂದು ಟಿಕ್. ಅಲ್ಲಿ ಎರಡು ಸಲ ತುಂಬಿಸಬೇಕಾಗುತ್ತೆ.

ದೊಡ್ಡ ಪಜೀತಿ ಬೇರೆ. ಒಂದೇ ಸೈಟಿಗೆ 63 ಜನ! ಲಾಗಿನ್ ಪುಟಕ್ಕೆ ಹೋದರೆ ಇಷ್ಟುದ್ದ ಪಟ್ಟಿ ಇಳಿಬೀಳುತ್ತೆ. ಮೊದಲ ದಿನ ಬೇಕರಿಯವರ ಬದಲು ಬಟ್ಟೆ ಅಂಗಡಿಯೊಳಗೆ ಹೋಗಿ ಕೂತಿದ್ದೆ, ಪುಣ್ಯಕ್ಕೆ ಮಾರಾಟದ ಮೊತ್ತ ನೋಡಿ ಗೊತ್ತಾಯಿತು. ಈಗ ಎಲ್ಲದಕ್ಕೂ ಊರಲ್ಲಿ ಕರೆಯುವ ಹೆಸರನ್ನೇ ಮೊದಲು ಇಟ್ಟಿದ್ದೇನೆ. ಬಿಲ್ಲಿನಲ್ಲಿರುವ ಹೆಸರು ಇಟ್ಟರೆ ಕಷ್ಟ, ಅರ್ಧ ಅಂಗಡಿ ಶ್ರೀ ಎಂದೇ ಶುರುವಾಗುತ್ತವೆ.

ಹುಡುಗಿಗೆ ಅವಳದೇ ಖಾತೆ ಮಾಡಿಕೊಟ್ಟೆ. ಪುಕ್ಕಟೆಯಲ್ಲೇ ಇಬ್ಬರು ಹಂಚಿಕೊಳ್ಳಬಹುದು. ಜಿಎಸ್‌ಟಿಯವು ಮಾತ್ರ ಅವಳಿಗೆ ಕಾಣುವ ಹಾಗೆ ಇಟ್ಟಿದ್ದೇನೆ. ಡೆಸ್ಕ್‌ಟಾಪಿನಲ್ಲಿ ಐದು ನಿಮಿಷ ಸುಮ್ಮನಿದ್ದರೆ ಲಾಕ್ ಆಗುತ್ತೆ. ಟೀ ಕುಡಿದು ಬರುವಷ್ಟರಲ್ಲಿ ಲಾಕ್ ಅಂತ ಅವಳಿಗೆ ಬೇಜಾರು.

ಗುಬ್ಬಿಯವರ ಮಾತಿನಂತೆ ಪಾರ್ಟಿಗಳಿಗೂ ಹೇಳುತ್ತಿದ್ದೇನೆ. ಲೇಟ್ ಫೀ ಸಾಹುಕಾರರು ಪೂರ್ತಿ ಕೇಳಿ, "ಪುಸ್ತಕ ಏನ್ಮಾಡಿದೆ?" ಅಂದರು. ಮಾಸ್ಟರ್ ಪಾಸ್‌ವರ್ಡ್, ರಿಕವರಿ ಕೋಡ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದೇನೆ. ನಮ್ಮ ಮನೆಯವರಿಗೆ ಗೊತ್ತು. ಪುಸ್ತಕ ಇನ್ನೂ ಸುಟ್ಟಿಲ್ಲ, ಎಲ್ಲ ಪಾಸ್‌ವರ್ಡ್ ಬದಲಾಗುವವರೆಗೆ ಬೀರುವಿನಲ್ಲಿ ಇರುತ್ತೆ. 41 ಬದಲಾಗಿವೆ. ಉಳಿದವು ಪಾರ್ಟಿಯವರು ಓಟಿಪಿ ಹೇಳುವ ಮೂಡಿನಲ್ಲಿ ಇದ್ದಾಗ.

ಒಂದೇ ಬಾಕಿ. ಐಪ್ಯಾಡಿನಲ್ಲಿ ಆ್ಯಪ್ ತೆರೆದರೆ ಎಲ್ಲ ಕಾಣುತ್ತೆ, ಆದರೆ ಸೈಟಿನಲ್ಲಿ ತಾನಾಗಿ ತುಂಬುತ್ತಿಲ್ಲ. ಯಾಕೆ?

ತುಮಕೂರು ಪ್ಯಾಸೆಂಜರ್:

ಸೆಟ್ಟಿಂಗ್ಸ್, ಜನರಲ್, ಆಟೋಫಿಲ್ ಆ್ಯಂಡ್ ಪಾಸ್‌ವರ್ಡ್ಸ್. ಅಲ್ಲಿ ಬಿಟ್‌ವಾರ್ಡನ್ ಆನ್ ಮಾಡಿ. ಮಗಳ ಐಪ್ಯಾಡ್ ಅಂದಿರಿ, ಆ್ಯಪಿಗೆ ನಿಮ್ಮದೇ ಬೇರೆ ಪಿನ್ ಇಡುವುದು ಮರೀಬೇಡಿ. ಮತ್ತೆ ಅಕ್ಕ, ಲಕೋಟೆಯಲ್ಲಿ ಎರಡೂ ಕೀ ಒಟ್ಟಿಗೇ ಇಟ್ಟಿದ್ದೀರಿ. ಗುಬ್ಬಿ ಸಾರ್ ನೋಡಿದರೆ ಬೈತಾರೆ.

ನಿವೃತ್ತ ಕ್ಯಾಷಿಯರ್, ಗುಬ್ಬಿ:

ನೋಡಿದೆ. ಲಾಕರಿನಲ್ಲೇ ಇರೋದಲ್ವಾ, ಈ ಸಲ ಬಿಟ್ಟಿದ್ದೇನೆ.

ತಿಪಟೂರು ಲೆಕ್ಕದಕ್ಕ:

ಬಂತು ಬಂತು. ಐಪ್ಯಾಡಿನಲ್ಲೂ ತುಂಬಿತು. ರಿಕವರಿ ಕೋಡನ್ನು ನಾಳೆ ಬೇರೆ ಚೀಟಿಗೆ ಬರೆದು ತವರುಮನೆ ಗಾಡ್ರೇಜಿನಲ್ಲಿ ಇಡುತ್ತೇನೆ. ಸೊನ್ನೆಗೆ ಅಡ್ಡಗೆರೆ ಹಾಕಿಯೇ ಬರೆಯುತ್ತೇನೆ.