ಉಪಗ್ರಹಗಳ ಕಕ್ಷೆ: ಹಾಸನದ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಮೂಡಿಗೆರೆ: ನಮಸ್ಕಾರ ಸರ್. ಮೂರ್ನಾಲ್ಕು ದಿನದಿಂದ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಟಿವಿ ಹೋಗುತ್ತದೆ, ಆಮೇಲೆ ತಾನಾಗೇ ಬರುತ್ತದೆ. ಮಳೆ ಮೋಡ ಏನೂ ಇಲ್ಲ. ಡಿಶ್‌ಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿದರೆ ಸರಿಹೋಗುತ್ತದೆ ಅಂತ ವಾಟ್ಸ್ಆಪ್‌ನಲ್ಲಿ ಬಂದಿದೆ. ಅಂಟಿಸಲಾ?

ಎಂಜಿನಿಯರ್: ದಯವಿಟ್ಟು ಬೇಡ! ನಿಮ್ಮ ಡಿಶ್ ಕೆಟ್ಟಿಲ್ಲ. ಟಿವಿ ಉಪಗ್ರಹ ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವ ಲೆಕ್ಕಕ್ಕೇ ಸುತ್ತುತ್ತದೆ, ಅದಕ್ಕೇ ಒಂದೇ ಕಡೆ ನಿಂತ ಹಾಗಿರುತ್ತದೆ, ಡಿಶ್ಶನ್ನು ಒಂದು ಸಲ ಕೂರಿಸಿದರೆ ಸಾಕಾಗುವುದೂ ಅದಕ್ಕೇ. ಈಗ ಮಾರ್ಚ್ ಅಲ್ವಾ, ಕೆಲವು ದಿನ ಸೂರ್ಯ ಸರಿಯಾಗಿ ಅದರ ಹಿಂದೆ ಹಾದುಹೋಗುತ್ತಾನೆ. ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಸಣ್ಣ ಸಿಗ್ನಲ್ ಮುಳುಗಿಹೋಗುತ್ತದೆ. ಸೆಪ್ಟೆಂಬರ್ ಕೊನೆಗೆ ಮತ್ತೆ ಹೀಗಾಗುತ್ತದೆ. ನನಗೆ ಭಯ ಆಗುವುದು ಫಾಯಿಲ್ ಕಂಡರೆ. ಆ ಹೊತ್ತಿನಲ್ಲಿ ಡಿಶ್ ಸೂರ್ಯನಿಗೇ ಮುಖ ಮಾಡಿರುತ್ತದೆ. ಅದರ ಬಣ್ಣ ಮಂಕಾಗಿದ್ದರೆ ಬಿಸಿಲು ಚದುರುತ್ತದೆ. ಹೊಳೆಯುವ ಹಾಳೆ ಹಾಕಿದರೆ ಬಿಸಿಲೆಲ್ಲ ಡಿಶ್ ಮುಂದಿರುವ, ಸಿಗ್ನಲ್ ಹಿಡಿಯುವ ಡಬ್ಬಿಯಾದ ಎಲ್‌ಎನ್‌ಬಿ ಮೇಲೇ ಬಿದ್ದು ಪ್ಲಾಸ್ಟಿಕ್ ಕರಗಬಹುದು, ಕೈ ಹಾಕಿದವರಿಗೆ ಸುಡಬಹುದು. ಇಂಥದ್ದನ್ನು ಫಾರ್ವರ್ಡ್ ಮಾಡುವವರು ಒಂದು ಕ್ಷಣವಾದರೂ ಯೋಚನೆ ಮಾಡಬೇಕು.

ಸಕಲೇಶಪುರ: ಸ್ಟಾರ್‌ಲಿಂಕ್ ಇಂಟರ್ನೆಟ್ ನಮ್ಮ ಎಸ್ಟೇಟಿಗೆ ಯಾವಾಗ ಬರುತ್ತದೆ ಸರ್?

ಬೇಲೂರು: ಇಸ್ರೋ ಉಪಗ್ರಹ ನಮ್ಮ ತೋಟವನ್ನು 24 ಗಂಟೆಯೂ ನೋಡುತ್ತಿರುತ್ತದಲ್ವಾ? ಪಕ್ಕದವರು ಬೇಲಿ ಸರಿಸಿದ್ದು ಅದರಲ್ಲಿ ಸಿಗುತ್ತಾ?

ಎಂಜಿನಿಯರ್: ಇಲ್ಲ. ಕಾರ್ಟೋಸ್ಯಾಟ್ ತರದ, ನೆಲದ ಚಿತ್ರ ತೆಗೆಯುವ ಉಪಗ್ರಹಗಳು ಸುಮಾರು 500 ಕಿ.ಮೀ. ಎತ್ತರದಲ್ಲಿ ಧ್ರುವಗಳ ಹತ್ತಿರ ಹಾದು ಓಡುತ್ತವೆ, ಸುತ್ತಿಗೆ ಒಂದೂವರೆ ಗಂಟೆ. ನಿಮ್ಮ ತಲೆ ಮೇಲೆ ಕೆಲವೇ ನಿಮಿಷ. ನಿಂತು ಕಾವಲು ಕಾಯುವುದಿಲ್ಲ.

ಬೇಲೂರು (ಇನ್ನೊಬ್ಬರು): ಬೇಲಿ ಸರಿಸಿದ್ದು ಯಾರು ಅಂತ ಊರಿಗೇ ಗೊತ್ತು. ಸರ್ವೆ ಕಲ್ಲು ಕಿತ್ತವರೇ ಇಲ್ಲಿ ಬಂದು ಕೇಳುತ್ತಿದ್ದಾರೆ.

ಕಡೂರು: ನಮ್ಮಲ್ಲೂ ಮಧ್ಯಾಹ್ನ ಟಿವಿ ಹೋಗುತ್ತದೆ, ಏನು ಮಾಡಬೇಕು?

ಎಂಜಿನಿಯರ್: ಮೇಲೆ ಬರೆದಿದ್ದೇನೆ, ಓದಿ.

ಮೂಡಿಗೆರೆ: ಸರ್, ತಮ್ಮ ಆಗಲೇ ಫಾಯಿಲ್ ಅಂಟಿಸಿಬಿಟ್ಟಿದ್ದಾನೆ.

ಎಂಜಿನಿಯರ್: ಈಗ ಹತ್ತಿರ ಹೋಗಬೇಡಿ. ಸಂಜೆ ಬಿಸಿಲು ಇಳಿದ ಮೇಲೆ ಪೂರ್ತಿ ಕಿತ್ತು ತೆಗೆಯಿರಿ.

ಅರಸೀಕೆರೆ: ಮೊಬೈಲಿನ ಜಿಪಿಎಸ್ಸೂ ಹಾಸನದಿಂದಲೇ ನಡೆಯೋದಾ?

ಎಂಜಿನಿಯರ್: ಅಲ್ಲ. ಜಿಪಿಎಸ್ ಅಮೆರಿಕದ್ದು, 20,200 ಕಿ.ಮೀ. ಎತ್ತರ, ದಿನಕ್ಕೆ ಎರಡು ಸುತ್ತು. ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) 1982ರಿಂದ ಇನ್ಸ್ಯಾಟ್, ಆಮೇಲೆ ಜಿಸ್ಯಾಟ್ ಎಂಬ ನಮ್ಮ ಸಂಪರ್ಕ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಸೂರ್ಯ ಚಂದ್ರರ ಸೆಳೆತಕ್ಕೆ ಅವು ಜರುಗುತ್ತವೆ, ಇಂಧನ ಉರಿಸಿ ಜಾಗಕ್ಕೆ ತರಬೇಕು. ಇಂಧನ ಪೂರ್ತಿ ಮುಗಿಯುವ ಮುಂಚೆ ಇನ್ನೂ ಮೇಲಕ್ಕೆ ತಳ್ಳಿ ಜಾಗ ಖಾಲಿ ಮಾಡಿಸುತ್ತಾರೆ.

ಬೇಲೂರು: ಕಲ್ಲು ಕಿತ್ತಿದ್ದಕ್ಕೆ ಸಾಕ್ಷಿ ಇದೆಯೇನ್ರೀ? ಸುಮ್ನೆ ಮಾತಾಡಬೇಡಿ.

ಚನ್ನರಾಯಪಟ್ಟಣ: ಮಧ್ಯಾಹ್ನ ಟಿವಿ ಬರ್ತಿಲ್ಲ ಸರ್.

ಎಂಜಿನಿಯರ್: ಓದಿ. ಬೇಲಿ ಜಗಳದವರು ತಾಲೂಕು ಕಚೇರಿಗೆ ಹೋಗಿ, ಜಮೀನಿನ ಗಡಿ ಗುರುತಿಸುವ ಹದ್ದುಬಸ್ತು ಸರ್ವೆಗೆ ಅರ್ಜಿ ಕೊಡಿ.

ಬೇಲೂರು (ಇನ್ನೊಬ್ಬರು): ಅರ್ಜಿ ಕೊಟ್ಟಾಗಿದೆ. ಸರ್ವೆ ದಿನ ಬಾರದೆ ಇದ್ದವರು ಇವರೇ.