‘ಬಾಯಿನಂಜು’ ಅಂದರೆ ನಡೆಯುತ್ತಾ? ‘ಫೋಕಸ್’ಗೆ ಏನನ್ನೋಣ?

ಗೆಳೆಯರೇ,

ವಸಡಿನ ಕಾಯಿಲೆಗೂ ಉಳಿದ ಮೈಗೂ ಇರುವ ನಂಟನ್ನು ವೈದ್ಯರು ಮೊದಮೊದಲು ಹೇಗೆ ಹುಡುಕಿದರು ಅಂತ ಒಂದು ಬರಹ ಬರೆಯುತ್ತಿದ್ದೇನೆ. ಎರಡು ಇಂಗ್ಲಿಷ್ ಪದಗಳಿಗೆ ಸರಿಯಾದ ಕನ್ನಡ ಸಿಗದೆ ಗಾಡಿ ನಿಂತುಬಿಟ್ಟಿದೆ. (ವಸಡೋ ಒಸಡೋ ಅನ್ನುವ ಜಗಳ ಈಗ ಬೇಡ. ಒಡವೆ-ವಡವೆಯ ಹಾಗೆ ಎರಡೂ ಓಡಾಡುತ್ತವೆ. ನಾನು ಕೇಳಿ ಬೆಳೆದದ್ದು ವಸಡು.)

ಮೊದಲನೆಯದು ಸೆಪ್ಸಿಸ್. 1900ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ‘ಓರಲ್ ಸೆಪ್ಸಿಸ್’ (ಬಾಯಲ್ಲಿ ಕೀವು ಕಟ್ಟಿ ಕೊಳೆಯುವ ಸೋಂಕು) ರೋಗಗಳಿಗೆ ಕಾರಣ ಎಂದು ಲೇಖನ ಬರೆದರು. ಕೀವು ಕಟ್ಟಿದ ವಸಡು, ಕೊಳೆತ ಹಲ್ಲಿನ ಬೇರು ಬಾಯಲ್ಲೇ ಸುಮ್ನೆ ಕೂತಿರುವುದಿಲ್ಲ, ಮೈಯೆಲ್ಲ ಕೆಡಿಸುತ್ತವೆ ಅನ್ನುವುದು ಅವರ ವಾದ. 1910ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮಾತಾಡುವಾಗ ಇನ್ನೂ ಖಾರವಾದರು. ಕೆಟ್ಟ ಹಲ್ಲಿನ ಮೇಲೆ ಕೂರಿಸುವ ಬಂಗಾರದ ಕ್ಯಾಪು, ಬ್ರಿಡ್ಜುಗಳನ್ನೆಲ್ಲ ‘ಸೆಪ್ಸಿಸ್ ರಾಶಿಯ ಮೇಲೆ ಕಟ್ಟಿದ ಬಂಗಾರದ ಗೋರಿ’ ಎಂದುಬಿಟ್ಟರು.

ಗ್ರೀಕಿನಲ್ಲಿ ಸೆಪ್ಸಿಸ್ ಅಂದರೆ ಕೊಳೆಯುವುದು. ಆ ಲೆಕ್ಕದಲ್ಲಿ ಸಂಸ್ಕೃತದ ‘ಪೂತಿ’ ಸರಿಹೋಗುತ್ತೆ. ಆದರೆ ಮನೆಯಲ್ಲಿ ಓದಿ ಹೇಳಿದೆ, ಯಾರಿಗೂ ತಿಳಿಯಲಿಲ್ಲ. ನನಗೆ ಹಿಡಿಸಿದ್ದು ‘ನಂಜು’. ಕಾಲಿಗೆ ಮುಳ್ಳು ಚುಚ್ಚಿ ಊದಿಕೊಂಡರೆ ‘ನಂಜಾಗಿದೆ’ ಅನ್ನುತ್ತೇವೆ, ಜಾಸ್ತಿಯಾದರೆ ‘ನಂಜು ಏರಿತು’ ಅನ್ನುತ್ತೇವೆ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಹೋಗುವ ಗುಣ ಪದದೊಳಗೇ ಇದೆ. ಹಂಟರ್ ಹೇಳಿದ್ದೂ ಅದನ್ನೇ ಅಲ್ವಾ? ಹಾಗಾಗಿ ‘ಬಾಯಿನಂಜು’.

ತೊಡಕು ಒಂದಿದೆ. ನಾನು ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡು ಮನೆಗೆ ಬಂದ ದಿನ ಅಜ್ಜಿ ಬದನೆಕಾಯಿ ಹುಳಿಯ ಪಾತ್ರೆಯನ್ನು ದೂರ ಸರಿಸಿ, ‘ಮುಟ್ಟಬೇಡ, ನಂಜು’ ಅಂದಿದ್ದರು. ಆ ನಂಜು ಬೇರೆ, ಈ ನಂಜು ಬೇರೆ. ‘ಬಾಯಿನಂಜು’ ಎಂದು ಓದಿದವರು ಪಥ್ಯದ ಕಡೆ ಹೊರಟುಬಿಡುತ್ತಾರಾ?

‘ದಂತವೇಷ್ಟ’ ಇದೆಯಲ್ಲ ಎಂದು ಯಾರಾದರೂ ಕೇಳೇ ಕೇಳುತ್ತೀರಿ. ಸುಶ್ರುತ ಸಂಹಿತೆಯಲ್ಲಿ ಅದು ರಕ್ತ-ಕೀವು ಸೋರಿ ಹಲ್ಲು ಅಲ್ಲಾಡುವ ರೋಗ. ಪಯೋರಿಯಾಕ್ಕೆ ಚೆನ್ನಾಗಿ ಕೂರುತ್ತೆ. ನನಗೆ ಬೇಕಿರುವುದು ರೋಗದ ಹೆಸರಲ್ಲ, ಅಲ್ಲಿಂದ ಹೊರಡುವ ಕೆಡುಕಿನ ಹೆಸರು.

ಎರಡನೆಯದು ಫೋಕಸ್. ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲ್ಲೊಬಿ ಮಿಲ್ಲರ್ 1891ರಲ್ಲಿ ಮನುಷ್ಯನ ಬಾಯಿಯೇ ಸೋಂಕಿನ ‘ಫೋಕಸ್’ (ಸೋಂಕು ಬೇರೂರಿ, ಅಲ್ಲಿಂದ ಬೇರೆ ಕಡೆಗೆ ಹರಡುವ ಜಾಗ) ಎಂದು ಬರೆದರು. ‘ಸೋಂಕು ಕೇಂದ್ರ’ ಎಂದು ಬರೆದು ನೋಡಿದೆ. ಆರೋಗ್ಯ ಕೇಂದ್ರದ ಪಕ್ಕದ ಬೋರ್ಡಿನ ಹಾಗೆ ಕಂಡಿತು! ‘ಸೋಂಕಿನ ಮೂಲ’ ಅಂದರೆ ಹುಟ್ಟಿದ ಜಾಗವಷ್ಟೇ. ಅಲ್ಲಿ ಇನ್ನೂ ಒಳಗೊಳಗೇ ನಡೆಯುತ್ತಿದೆ ಅನ್ನುವುದು ಬರುವುದಿಲ್ಲ.

ಆಮೇಲೆ ಲ್ಯಾಟಿನ್ ನಿಘಂಟು ತೆಗೆದರೆ ಫೋಕಸ್ ಅಂದರೆ ಒಲೆ! ತಕ್ಷಣ ನೆನಪಾದದ್ದು ಬೂದಿ ಮುಚ್ಚಿದ ಕೆಂಡ. ವಸಡಿನ ಕಾಯಿಲೆಯೂ ಹಾಗೇ ಅಲ್ವಾ? ನೋವಿಲ್ಲ, ಜ್ವರವಿಲ್ಲ, ಹಲ್ಲುಜ್ಜುವಾಗ ಬ್ರಷ್ಷಿಗೆ ಒಂಚೂರು ರಕ್ತ ಅಷ್ಟೇ. ‘ಸೋಂಕಿನ ಕೆಂಡ’ ಎಂದು ಬರೆದು ಎರಡು ದಿನ ಖುಷಿಯಾಗಿದ್ದೆ.

ಈಗ ಅದೇ ಪದದ ಮೇಲೆ ಅನುಮಾನ. ಕೆಂಡ ಅಂದ ಮೇಲೆ ಅದನ್ನು ತೆಗೆದು ಹಾಕಲೇಬೇಕು ಅನಿಸುತ್ತೆ. ಆಗ ಆದದ್ದೂ ಹಾಗೆಯೇ. ಕೀಲುನೋವಿಗೆ ಹಲ್ಲು ಕಿತ್ತರು. ಅಮೆರಿಕದ ನ್ಯೂಜರ್ಸಿಯ ಟ್ರೆಂಟನ್‌ನಲ್ಲಿ ಮಾನಸಿಕ ಆಸ್ಪತ್ರೆಯ ವೈದ್ಯ ಹೆನ್ರಿ ಕಾಟನ್ ಮಾನಸಿಕ ರೋಗಿಗಳ ಹಲ್ಲನ್ನೂ ಕೀಳಿಸಿದರು. 1938ರಲ್ಲಿ ಅಮೆರಿಕದ ವೈದ್ಯರಾದ ಸೆಸಿಲ್ ಮತ್ತು ಆಂಜೆವಿನ್ 200 ಸಂಧಿವಾತ ರೋಗಿಗಳ ವಿವರ ಇಟ್ಟುಕೊಂಡು ನೋಡಿದಾಗ, ಹೀಗೆ ಕಿತ್ತು ಹಾಕಿದ್ದರಿಂದ ಕಾಯಿಲೆ ವಾಸಿಯಾಗುತ್ತೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ತಪ್ಪು ದಾರಿಗೆ ಹೋದ ವಾದಕ್ಕೆ ನಾನು ಇಷ್ಟು ನಂಬಿಸುವ ಪದ ಕೊಡಬೇಕಾ?

ಕೊನೆಗೆ ಒಂದು ಪ್ರತ್ಯಯದ ಮಾತು. 1989ರಲ್ಲಿ ಫಿನ್ಲೆಂಡಿನ ಮ್ಯಾಟಿಲಾ ಮತ್ತು ಸಂಗಡಿಗರು ಹೃದಯಾಘಾತವಾದ 100 ಜನರನ್ನು ಬೇರೆ 102 ಜನರ ಜೊತೆ ಹೋಲಿಸಿದರು. ಹೃದಯಾಘಾತವಾದವರ ಬಾಯಿ ಜಾಸ್ತಿ ಕೆಟ್ಟಿತ್ತು. ಕಂಡದ್ದು ಅಷ್ಟೇ. ‘ವಸಡಿನ ಕಾಯಿಲೆಯಿಂದ ಹೃದಯಾಘಾತ’ ಎಂದು ಬರೆದರೆ ಆ ‘ಇಂದ’ ಕಾರಣವನ್ನೇ ಹೇಳಿಬಿಡುತ್ತೆ. ನಾನು ‘ನಂಟು’ ಎಂಬ ಪದ ಹಾಕಿದ್ದೇನೆ, ಅದನ್ನು ಬದಲಿಸುವುದಿಲ್ಲ.

ಕೆಂಡ ಇರಲೋ, ತೆಗೆಯಲೋ? ಉತ್ತರ ಕರ್ನಾಟಕದವರು, ಕರಾವಳಿಯವರು ನಿಮ್ಮ ಕಡೆ ‘ನಂಜು’ ಯಾವುದಕ್ಕೆಲ್ಲ ಹೇಳುತ್ತಾರೆ ಅಂತಲೂ ತಿಳಿಸಿ.