ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ನೋಡೋಕೆ ರೈಲಲ್ಲಿ ಎಲ್ಲಿ ಕೂರಬೇಕು?

ನವೆಂಬರ್‌ನಲ್ಲಿ ಅಪ್ಪ, ಅಮ್ಮನ ಜೊತೆ ಯಶವಂತಪುರದಿಂದ ಮಂಗಳೂರಿಗೆ ಹೊರಟಿದ್ದೇವೆ. ಘಾಟಿ ಚೆನ್ನಾಗಿ ಕಾಣಬೇಕು, ಅಷ್ಟೇ. ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿಗೆ ದುಡ್ಡು ಹಾಕೋದು ಸರಿಯಾ? ಎಡಕ್ಕೋ ಬಲಕ್ಕೋ? ಹೋಗಿಬಂದವರು ಹೇಳಿ.

ಹಾಸನದವರು:
ಮೊದಲು ರೈಲು ನೋಡಿ ಆರಿಸಿ. ರಾತ್ರಿ ರೈಲುಗಳು ಕತ್ತಲಲ್ಲೇ ಘಾಟಿ ದಾಟಿಬಿಡುತ್ತವೆ. ಬೆಳಿಗ್ಗೆ ಯಶವಂತಪುರ ಬಿಡುವ ಹಗಲು ರೈಲೇ ಆಗಬೇಕು. ವಾರದ ದಿನ ನೋಡಿಕೊಂಡು ಬುಕ್ ಮಾಡಿ. ಕುಣಿಗಲ್, ಚನ್ನರಾಯಪಟ್ಟಣದ ದಾರಿಯಲ್ಲಿ ಶ್ರವಣಬೆಳಗೊಳದ ಬೆಟ್ಟ ಬಿಟ್ಟರೆ ಹೆಚ್ಚೇನಿಲ್ಲ, ನಿದ್ದೆ ಅಲ್ಲೇ ಮುಗಿಸಿ. ಸಕಲೇಶಪುರಕ್ಕೆ ಮೊದಲೇ ತಿಂಡಿ, ಶೌಚಾಲಯ ಎಲ್ಲಾ ಆಗಿರಲಿ. ಆಮೇಲೆ ಘಾಟಿಯ ನಿಲ್ದಾಣಗಳು: ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಶಿರಿಬಾಗಿಲು, ಸುಬ್ರಹ್ಮಣ್ಯ ರೋಡ್. ಸುಮಾರು 55 ಕಿ.ಮೀ., 57 ಸುರಂಗ. 50 ಮೀಟರ್‌ಗೆ 1 ಮೀಟರ್ ಇಳಿಜಾರು ಇರೋದ್ರಿಂದ ರೈಲು ತೆವಳುತ್ತೆ, ಎರಡು ಗಂಟೆಗೂ ಮೇಲೆ ಹಿಡಿಯುತ್ತೆ. ನೋಡೋರಿಗೆ ಅದೇ ಲಾಭ.

ಇಳಿಯುವಾಗ ಕಣಿವೆ ಬಹುಪಾಲು ಬಲಕ್ಕೆ. ಎಡಕ್ಕೆ ಕಡಿದ ಬಂಡೆ, ಅದರ ಮೇಲಿಂದ ಇಳಿಯೋ ತೊರೆಗಳು. ವಾಪಸ್ ಬರುವಾಗ ಲೆಕ್ಕ ಉಲ್ಟಾ.

ಕ್ಯಾಮೆರಾ ಹಿಡಿಯೋರು:
ಬಲಕ್ಕೆ ಕೂರೋಕೆ ಇನ್ನೊಂದು ಕಾರಣ ಇದೆ. ನವೆಂಬರ್ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬೆಳಕು ನಿಮ್ಮ ಬೆನ್ನ ಕಡೆಯಿಂದ ಕಣಿವೆ ಮೇಲೆ ಬೀಳುತ್ತೆ. ಸುರಂಗದಿಂದ ಹೊರಬಿದ್ದ ತಕ್ಷಣ ಮೊಬೈಲ್ ಫೋಟೋ ಬೆಳ್ಳಗಾಗೋದು, ಕ್ಯಾಮೆರಾ ಕತ್ತಲಿಗೆ ಹೊಂದಿಕೊಂಡಿರೋದ್ರಿಂದ. ಹೊರಗೆ ಇದ್ದಾಗಲೇ ಕಾಡಿನ ಹಸಿರಿನ ಮೇಲೆ ಬೆರಳು ಒತ್ತಿಹಿಡಿದು ಎಕ್ಸ್‌ಪೋಷರ್ (ಫೋಟೋಗೆ ಬೀಳೋ ಬೆಳಕಿನ ಮಟ್ಟ) ಲಾಕ್ ಮಾಡಿ. ಗಾಜಿಗೆ ಲೆನ್ಸ್ ಒತ್ತಬೇಡಿ, ಬೋಗಿಯ ನಡುಕ ಫೋಟೋಗೆ ಬರುತ್ತೆ; ಒಂದು ಬೆರಳಷ್ಟು ಜಾಗ ಬಿಟ್ಟು ಸುತ್ತ ಕಪ್ಪು ಬಟ್ಟೆ ಹಿಡಿದರೆ ಒಳಗಿನ ದೀಪದ ಪ್ರತಿಬಿಂಬವೂ ಹೋಗುತ್ತೆ.

ಪುತ್ತೂರಿನವರು:
ವಿಸ್ಟಾಡೋಮ್ ಬಗ್ಗೆ ಕೇಳಿದ್ದೀರಲ್ಲ, ನನ್ನ ಮತ ಹೇಳುತ್ತೇನೆ. 44 ಸೀಟು, ತಿರುಗುವ ಕುರ್ಚಿ, ಗಾಜಿನ ಚಾವಣಿ, ಎಲ್ಲ ಸರಿ. ಹಿರಿಯರಿಗೆ ಆರಾಮ, ಯಾವ ಕಡೆ ಅನ್ನುವ ತಲೆಬಿಸಿಯೂ ಕಡಿಮೆ. ಆದರೆ ಕಿಟಕಿ ತೆರೆಯುವುದಿಲ್ಲ. ಮಳೆಗಾಲದಲ್ಲಿ ಎಸಿಯಿಂದ ತಣ್ಣಗಾದ ಗಾಜಿನ ಹೊರಮೈಗೆ ತೇವ ಕೂರುತ್ತದೆ, ಒಳಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ಬೋಗಿ ಕೊನೆಗಿದ್ದು, ರೈಲು ಘಾಟಿ ಹತ್ತುವಾಗ ಹಿಂದಿನಿಂದ ತಳ್ಳುವ ಎಂಜಿನ್ ಸೇರಿಸಿದರೆ ಹಿಂಬದಿಯ ದೊಡ್ಡ ಕಿಟಕಿಯಲ್ಲಿ ಎಂಜಿನ್ನಿನ ಮುಖ ಬಿಟ್ಟು ಬೇರೇನೂ ಕಾಣದು! ಕಾಡಿನ ವಾಸನೆ, ತೊರೆಯ ಸದ್ದು ಬೇಕಾದರೆ ಎಸಿ ಇಲ್ಲದ, ಕಿಟಕಿ ತೆರೆಯುವ ಸೆಕೆಂಡ್ ಸಿಟ್ಟಿಂಗ್ ಬೋಗಿ. ಬುಕ್ ಮಾಡುವಾಗ ಕಿಟಕಿ ಬದಿ ಕೇಳಿ. ಸಿಕ್ಕೇ ಸಿಗುತ್ತದೆ ಅಂತಿಲ್ಲ. ನಿಮ್ಮ ವಿಷಯದಲ್ಲಾದರೆ ಹೋಗುವಾಗ ವಿಸ್ಟಾಡೋಮ್, ಬರುವಾಗ ಸೆಕೆಂಡ್ ಸಿಟ್ಟಿಂಗ್ ಅನ್ನುತ್ತೇನೆ.

ಬಾಗಿಲಲ್ಲಿ ನಿಲ್ಲುವುದು ಮಾತ್ರ ಬೇಡ, ಸುರಂಗದ ಗೋಡೆ ತೀರಾ ಹತ್ತಿರ.

ಹಾಸನದವರು:
ಮಳೆ ಮಾತು ಬಂತಲ್ಲ, ಜೂನ್–ಆಗಸ್ಟ್‌ನಲ್ಲಿ ತೊರೆ ಜಾಸ್ತಿ ಅಂತ ಹೊರಡೋರು ಗುಡ್ಡ ಕುಸಿತವನ್ನೂ ಲೆಕ್ಕಕ್ಕೆ ತಗೋಬೇಕು. 2024ರ ಜುಲೈ ಕೊನೆಯಲ್ಲಿ ಯಡಕುಮರಿ–ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣೇ ಜಾರಿ ರೈಲುಗಳು ರದ್ದಾದವು. ನವೆಂಬರ್ ಒಳ್ಳೆ ಆಯ್ಕೆ, ತೊರೆಗಳಲ್ಲಿ ಇನ್ನೂ ನೀರಿರುತ್ತೆ. ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ನಂಬಬೇಡಿ; ಮ್ಯಾಪ್ ಹಾಸನದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ಮಂಗಳೂರಲ್ಲಿ ಕರೆದುಕೊಂಡು ಹೋಗೋಕೆ ಬರೋರಿಗೆ ಸಕಲೇಶಪುರ ದಾಟೋ ಮುಂಚೆಯೇ ಫೋನ್ ಮಾಡಿಬಿಡಿ.